ಸೂಜಿಯ ವಿದ್ಯೆ, ಸ್ವಂತ ಗಳಿಕೆ
ಹುಬ್ಬಳ್ಳಿಯ ಗೋಕುಲ ರಸ್ತೆಯೆಂದರೆ ಕೈಗಾರಿಕಾ ವಸಾಹತು, ಯಂತ್ರಗಳ ಸದ್ದು, ವಿಮಾನ ನಿಲ್ದಾಣ ನೆನಪಿಗೆ ಬರುವುದು ಸಹಜ. ಆದರೆ ಹುಬ್ಬಳ್ಳಿ-ಧಾರವಾಡದ ದುಡಿಮೆಯ ಇತಿಹಾಸದಲ್ಲಿ ಯಂತ್ರಕ್ಕಿಂತಲೂ ಹಳೆಯದಾದ ಅಧ್ಯಾಯವೊಂದಿದೆ. ಅದು ಸೂಜಿ ಮತ್ತು ನೂಲನ್ನು ಹಿಡಿದ ಸ್ತ್ರೀಯರದು. ಕೈಯಲ್ಲಿ ಕೌಶಲವಿದ್ದ ಮಾತ್ರಕ್ಕೆ ಸ್ತ್ರೀಗೆ ಆರ್ಥಿಕ ಸ್ವಾವಲಂಬನೆ ಒದಗುವುದೇ ಎಂಬ ಪ್ರಶ್ನೆಯನ್ನು ಆ ಅಧ್ಯಾಯದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಧಾರವಾಡ ಸೀಮೆಯ ಕಸೂತಿ ಅದರ ಮೊದಲ ನಿದರ್ಶನ. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ರಥ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಇವೆಲ್ಲ ಇಳಕಲ್ಲ ಸೀರೆಯ ಮೇಲೆ ಮೂಡುತ್ತವೆ. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿಯೇ ಸೂಜಿ ಆಡಿಸಬೇಕು. ಗಾವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಸಮನಾಗಿ ಕಾಣಬೇಕು, ಗಂಟು ತೋರಕೂಡದು. ತಾಯಿಯಿಂದ ಮಗಳಿಗೆ ಬಂದ ಈ ವಿದ್ಯೆಗೆ ಮನೆಯೊಳಗೆ ಮೆಚ್ಚುಗೆ ದೊರೆಯಿತು, ಕೂಲಿ ದೊರೆಯಲಿಲ್ಲ. ಮುಂದೆ ಕಸೂತಿ ಮಾರುಕಟ್ಟೆಗೆ ಬಂದಿತು. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿತು. ಈ ಮಾನ್ಯತೆ ಕಲೆಯ ಹೆಸರನ್ನು ಕಾಯುತ್ತದೆ. ಹೊಲಿದವಳ ಕೂಲಿಯನ್ನು ನಿರ್ಧರಿಸುವುದಿಲ್ಲ.

ಕೂಲಿಯ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು ಖಾದಿ ಚಳವಳಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿಯವರು ಮರುವರ್ಷ ಅಖಿಲ ಭಾರತ ಚರಕಾ ಸಂಘವನ್ನು ಸ್ಥಾಪಿಸಿದರು. ಖಾದಿಯನ್ನು ಅಗ್ಗವಾಗಿ ಮಾರುವ ಹಂಬಲದಲ್ಲಿ ನೂಲುವ ಹೆಂಗಸರಿಗೆ ತೀರ ಅಲ್ಪ ಕೂಲಿ ಸಲ್ಲುತ್ತಿದೆಯೆಂದು ಅವರು ಆಕ್ಷೇಪಿಸಿದರು. 1935ರಲ್ಲಿ ಸಂಘವು ಬದುಕಿಗೆ ಸಾಲುವಷ್ಟು ಕೂಲಿ ಎಂಬ ತತ್ತ್ವವನ್ನು ಅಂಗೀಕರಿಸಿತು. ಇದರಿಂದ ಖಾದಿಯ ಬೆಲೆ ಏರುವುದೆಂದು ತಿಳಿದೇ ಕೈಗೊಂಡ ನಿರ್ಧಾರವದು.

ಆ ಪರಂಪರೆಯ ಫಲವೇ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ರಾಷ್ಟ್ರಧ್ವಜ ತಯಾರಿಕೆಗೆ ಹೆಸರಾಯಿತು. ಬಾಗಲಕೋಟೆ ಜಿಲ್ಲೆಯಲ್ಲಿ ನೇಯ್ದ ಬಟ್ಟೆ ಇಲ್ಲಿ ಧ್ವಜವಾಗುತ್ತದೆ. ಉದ್ದ-ಅಗಲ 3:2ರ ಪ್ರಮಾಣದಲ್ಲಿರಬೇಕು. 24 ಅರಗಳ ಚಕ್ರ ಎರಡೂ ಮಗ್ಗುಲಲ್ಲಿ ಸರಿಯಾಗಿ ಹೊಂದಿ ಕೂಡಬೇಕು. ಕಸೂತಿಯ ನಾಡಿನ ಹೆಣ್ಣುಮಕ್ಕಳಿಗೆ ಇಂಥ ನಿಷ್ಠುರ ಲೆಕ್ಕ ಹೊಸದಲ್ಲ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಸ್ತ್ರೀಯರೇ. ಮನೆಯಲ್ಲಿ ಮೆಚ್ಚುಗೆಗಷ್ಟೇ ಪಾತ್ರವಾಗಿದ್ದ ನಿಖರತೆ ಇಲ್ಲಿ ಗಳಿಕೆಯ ಆಧಾರವಾಯಿತು.

ಆದರೆ ಆ ಆಧಾರವೂ ಅಚಲವಲ್ಲ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಿಸಿದ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆಯಿತು. ಅಗ್ಗದ ಧ್ವಜಗಳು ಮಾರುಕಟ್ಟೆಗೆ ಬಂದುವು; ಬೆಂಗೇರಿಯ ಸಂಘವು 2022ರಲ್ಲಿ ಪ್ರತಿಭಟನೆಗಿಳಿಯಿತು. ಹೊಲಿಯುವವರ ಕೌಶಲ ಒಂದಿನಿತೂ ಕುಂದಿರಲಿಲ್ಲ. ಬದಲಾದದ್ದು ಕೊಳ್ಳುವವರ ಆಯ್ಕೆ.

ಹೀಗಾಗಿ ಸ್ತ್ರೀಯರಿಗೆ ಕಸುಬು ಕಲಿಸಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುವುದು ತಪ್ಪಾಗುತ್ತದೆ. ಹೊಲಿಗೆ ಯಂತ್ರ ದಾನ ಮಾಡುವುದು ಸುಲಭ. ಆ ಯಂತ್ರಕ್ಕೆ ವರ್ಷವಿಡೀ ಕೆಲಸ ಒದಗಿಸುವುದು ಕಷ್ಟ. ಹಬ್ಬಕ್ಕೆ ಸೀರೆ ಕೊಳ್ಳುವ ಕುಟುಂಬಗಳೂ, ಉತ್ಸವಕ್ಕೆ ವಸ್ತ್ರ ಹೊಲಿಸುವ ವಿಶ್ವಸ್ತ ಮಂಡಳಿಗಳೂ ಎರಡು ಪ್ರಶ್ನೆ ಕೇಳಿಕೊಳ್ಳಬಹುದು: ನಾವು ಕೊಟ್ಟ ಬೆಲೆಯಲ್ಲಿ ಹೊಲಿದವಳಿಗೆ ಸಂದದ್ದೆಷ್ಟು? ಅದು ಅವಳ ಕೈಗೇ ಸೇರಿತೇ? ನ್ಯಾಯವಾದ ಗಳಿಕೆಯಷ್ಟೇ ನ್ಯಾಯವಾದ ಖರೀದಿಯೂ ಗೃಹಸ್ಥನ ಹೊಣೆ.