ಗುಣಕ್ಕೆ ತಕ್ಕ ಕೆಲಸ: ನೂರು ವರ್ಷದ ಶಾಸ್ತ್ರ, ಆದೋನಿಯ ಮಕ್ಕಳು

ಹತ್ತಿಯ ಹಂಗಾಮಿನಲ್ಲಿ ಆಂಧ್ರದ ಆದೋನಿಯ ಮಾರುಕಟ್ಟೆ ಯಾರ್ಡಿಗೆ ಹೋದರೆ ಒಂದೇ ಮಾಲಿನ ಸುತ್ತ ಹಲವು ಬಗೆಯ ಜಾಣತನ ದುಡಿಯುವುದು ಕಾಣುತ್ತದೆ. ಖರೀದಿದಾರ ಚಿಟಿಕೆ ಹತ್ತಿಯನ್ನು ಎರಡೂ ಕೈಯ ಬೆರಳುಗಳ ನಡುವೆ ಹಿಡಿದು ಎಳೆಯುತ್ತಾನೆ. ಎಳೆಯ ಉದ್ದ, ಬಿಗಿ, ತೇವ ಎಲ್ಲವೂ ಬೆರಳಿಗೇ ತಿಳಿಯುತ್ತವೆ. ದಲಾಲಿ ಅಂಗಡಿಯ ಗುಮಾಸ್ತ ತೂಕದ ಚೀಟಿಗಳನ್ನು ಲೆಕ್ಕದ ಪುಸ್ತಕಕ್ಕೆ ತಾಳೆ ಹಾಕುತ್ತಾನೆ. ಜಿನ್ನಿಂಗ್ ಫ್ಯಾಕ್ಟರಿಯ ಫಿಟ್ಟರಿಗೆ ಯಂತ್ರದ ಸದ್ದು ಬದಲಾದರೆ ಸಾಕು, ದೋಷ ಎಲ್ಲಿದೆಯೆಂದು ಅಂದಾಜು ಸಿಗುತ್ತದೆ. ಇಂಥ ಕೆಲಸಗಳಿಗೆ ಜನ ಬರುವುದು ಅಪ್ಪನ ಬೆನ್ನ ಹಿಂದೆ, ಸೋದರಮಾವನ ಮಾತಿನ ಮೇಲೆ, ಇಲ್ಲವೆ ಸಿಕ್ಕಿದ್ದೇ ಸಾಕೆಂದು. ಯಾರ ಗುಣಕ್ಕೆ ಯಾವ ಕೆಲಸ ಹೊಂದುತ್ತದೆ ಎಂದು ಹುಡುಕುವ ಶಾಸ್ತ್ರ ಹುಟ್ಟಿ ನೂರು ವರ್ಷ ದಾಟಿದೆ. ಅದು ಬೆಳೆದ ಬಗೆಯನ್ನೂ ಈ ಸೀಮೆಗೆ ಅದರಿಂದ ಆಗಬೇಕಾದ್ದನ್ನೂ ಒಟ್ಟಿಗೆ ನೋಡಬೇಕು.

ಪರೀಕ್ಷೆಗಳ ಕಾಲ

ನಮ್ಮಲ್ಲಿ ಬಹುಕಾಲ ಕಸುಬನ್ನು ಗೊತ್ತುಮಾಡಿದ್ದು ಜಾತಿ. 12ನೇ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ದುಡಿಮೆಗೆ ಘನತೆ ಕೊಟ್ಟರು. ಆದರೂ ಮುಂದಿನ ತಲೆಮಾರುಗಳಲ್ಲಿ ನೇಕಾರನ ಮಗ ಮಗ್ಗಕ್ಕೂ ಕಮ್ಮಾರನ ಮಗ ಕುಲುಮೆಗೂ ಹೋಗುವುದು ನಿಲ್ಲಲಿಲ್ಲ.

ಆಧುನಿಕ ವೃತ್ತಿ ಮಾರ್ಗದರ್ಶನದ ಮೊದಲ ಹೆಸರು ಫ್ರಾಂಕ್ ಪಾರ್ಸನ್ಸ್. 1908ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅವರು ಬಡ ಯುವಕರಿಗಾಗಿ ಒಂದು ಕೇಂದ್ರ ತೆರೆದರು. ಅವರ ಸೂತ್ರ ಮೂರೇ: ನಿನ್ನನ್ನು ನೀನು ಅರಿ, ಕೆಲಸಗಳನ್ನು ಅರಿ, ಎರಡನ್ನೂ ತೂಗಿ ನೋಡು. ಆಮೇಲಿನ ದಶಕಗಳು ಮೊದಲ ಸೂತ್ರವನ್ನೇ ಹೆಚ್ಚಾಗಿ ಹಿಡಿದವು. ಮನಶ್ಶಾಸ್ತ್ರಜ್ಞ ಹ್ಯೂಗೋ ಮುನ್‌ಸ್ಟರ್‌ಬರ್ಗ್ ಟ್ರಾಮ್ ಚಾಲಕರ ಗಮನಶಕ್ತಿಯನ್ನು ಅಳೆಯುವ ಪರೀಕ್ಷೆ ರೂಪಿಸಿದರು. ಇಂದು ಭಾರತೀಯ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಇರುವ ಯೋಗ್ಯತಾ ಪರೀಕ್ಷೆಯೂ ಅದೇ ಜಾಡಿನದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಜನರನ್ನು ಪರೀಕ್ಷಿಸಿತು. ಓದು ಬಾರದವರಿಗೂ ಇಂಗ್ಲಿಷ್ ತಿಳಿಯದವರಿಗೂ ಬೇರೆಯೇ ಚಿತ್ರಪರೀಕ್ಷೆ ಮಾಡಿತು. ಭಾಷೆ ಬಾರದವನನ್ನು ಬುದ್ಧಿ ಇಲ್ಲದವನೆಂದು ಎಣಿಸಬಾರದು ಎಂಬ ಪಾಠ ಅಂದೇ ಸಿಕ್ಕಿತ್ತು.

1959ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಜನರ ಒಲವುಗಳನ್ನೂ ಕೆಲಸಗಳನ್ನೂ ಆರು ಬಗೆಯಾಗಿ ವಿಂಗಡಿಸುವ ಸಿದ್ಧಾಂತ ಮುಂದಿಟ್ಟರು: ಕೈಕೆಲಸ, ಶೋಧನೆ, ಕಲೆ, ಜನಸೇವೆ, ವ್ಯವಹಾರ, ಲೆಕ್ಕಪತ್ರ. ಆದೋನಿಯ ಫಿಟ್ಟರ್, ದಲ್ಲಾಳಿ, ಗುಮಾಸ್ತ, ಆಶಾ ಕಾರ್ಯಕರ್ತೆ ಎಲ್ಲರೂ ಇದರಲ್ಲಿ ಅಡಗುತ್ತಾರೆ. ಅದೇ ಕ್ಷೇತ್ರದ ಡೊನಾಲ್ಡ್ ಸೂಪರ್, ಈ ಹೊಂದಾಣಿಕೆ ಒಂದೇ ದಿನದ ತೀರ್ಮಾನವಲ್ಲ, ಬಾಳಿನುದ್ದಕ್ಕೂ ನಡೆಯುವಂಥದ್ದು ಎಂದರು.

ನಮ್ಮ ನಾಡಿನಲ್ಲಿ

ಈ ಪರೀಕ್ಷೆಗಳ ಹಿಂದಿರುವ ಮನಶ್ಶಾಸ್ತ್ರಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ವಿಭಾಗ ಶುರುವಾಯಿತು. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಸ್ವಾತಂತ್ರ್ಯದ ನಂತರ ಮುದಲಿಯಾರ್ ಆಯೋಗ ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನ ಇರಬೇಕೆಂದಿತು. 1964–66ರ ಕೊಠಾರಿ ಆಯೋಗವೂ ಅದನ್ನೇ ಒತ್ತಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ನೇ ತರಗತಿಯಿಂದಲೇ ಕಸುಬಿನ ಪರಿಚಯ ಆಗಬೇಕೆನ್ನುತ್ತದೆ. ಶಿಫಾರಸುಗಳಿಗೆ ಬರವಿಲ್ಲ. ಹಳ್ಳಿಯ ಶಾಲೆಯಲ್ಲಿ ಮಾರ್ಗದರ್ಶನಕ್ಕೆಂದೇ ಇರುವ ಒಬ್ಬರು ಸಿಗುವುದು ಅಪರೂಪ.

ಆಯ್ಕೆಯೇ ಇಲ್ಲದವರ ಪ್ರಶ್ನೆ

1981ರಲ್ಲಿ ವಿದ್ವಾಂಸೆ ಲಿಂಡಾ ಗಾಟ್‌ಫ್ರೆಡ್‌ಸನ್ ಒಂದು ಮುಖ್ಯ ಮಾತು ಹೇಳಿದರು: ಇದು ಗಂಡಸರ ಕೆಲಸ, ಇದು ನಮ್ಮಂಥವರಿಗಲ್ಲ ಎಂದು ಮಕ್ಕಳು ಎಳವೆಯಲ್ಲೇ ಕೆಲಸಗಳನ್ನು ಮನಸ್ಸಿನಿಂದ ಅಳಿಸುತ್ತಾ ಬರುತ್ತಾರೆ. 2006ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಬ್ಲೂಸ್ಟೀನ್, ಈ ಶಾಸ್ತ್ರವೆಲ್ಲ ಆಯ್ಕೆಯ ಸವಲತ್ತು ಇದ್ದವರ ಸುತ್ತಲೇ ಬೆಳೆದಿದೆ ಎಂದು ತಕರಾರು ತೆಗೆದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಗಿಡಿಯನ್ ಅರುಳ್ಮಣಿ, ವೃತ್ತಿಯ ಬಗ್ಗೆ ಆಯಾ ಸಮುದಾಯದಲ್ಲಿ ಬೇರೂರಿದ ನಂಬಿಕೆಗಳನ್ನು ಅರಿಯದೆ ಮಾರ್ಗದರ್ಶನ ಫಲಿಸದು ಎಂಬ ನಿಲುವಿನ ಮೇಲೆ ದುಡಿದರು.

ಆದೋನಿಗೆ ಈ ಮಾತುಗಳು ನೇರವಾಗಿ ತಾಗುತ್ತವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮೇಲಿನ ಓದಿಗೆ ಇಂಗ್ಲಿಷ್ ಎಂಬುದು ಇಲ್ಲಿಯ ಕನ್ನಡ ಮಕ್ಕಳ ಪಾಡು. ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಕಡೆಯಿಂದ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಸೀಮೆಗೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋದರೆ ತರಗತಿಯ ಬೆಂಚು ಖಾಲಿ. ಇಂಥ ಮಗುವಿನ ಮುಂದೆ ಇಂಗ್ಲಿಷಿನ ಒಲವು-ಪರೀಕ್ಷೆ ಇಟ್ಟು ಯಾವ ಕೆಲಸ ಇಷ್ಟವೆಂದು ಕೇಳಿದರೆ, ಕಂಡ ನಾಲ್ಕು ಕೆಲಸಗಳಲ್ಲೇ ಒಂದನ್ನು ಹೇಳೀತು.

ಆಂಧ್ರ ಸರ್ಕಾರ 2024ರಲ್ಲಿ ಕೌಶಲ ಗಣತಿ ಕೈಗೊಳ್ಳಲು ನಿರ್ಧರಿಸಿತು. ಅದು ಒಳ್ಳೆಯ ಹೆಜ್ಜೆ. ಗಣತಿ ಇರುವ ಕೌಶಲವನ್ನು ಎಣಿಸುತ್ತದೆ. ಮೊಳೆಯದೆ ಉಳಿದದ್ದನ್ನು ಕಾಣಬೇಕಾದವರು ಮೇಷ್ಟ್ರು, ತಂದೆ-ತಾಯಿ. ಮೇಲಿನ ಓದಿಗೆ ಇನ್ನೊಂದು ದಾರಿಯೂ ಇದೆ: ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ. ಆದೋನಿ, ಆಲೂರು ಆ ಪಟ್ಟಿಯಲ್ಲಿವೆ. ಆ ದಾರಿ ಮನೆಮನೆಗೆ ಗೊತ್ತಾಗಬೇಕು.

ಪಾರ್ಸನ್ಸ್ ಹೇಳಿದ ಮೂರರಲ್ಲಿ ಇಲ್ಲಿ ಮೊದಲು ಆಗಬೇಕಾದ್ದು ಎರಡನೆಯದು: ಕೆಲಸಗಳನ್ನು ಅರಿಯುವುದು. ಇದಕ್ಕೆ ದೊಡ್ಡ ಖರ್ಚಿಲ್ಲ. ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಗುಳೆಯ ಹಂಗಾಮಿಗೆ ಮುಂಚೆಯೇ ಜಿನ್ನಿಂಗ್ ಫ್ಯಾಕ್ಟರಿ, ಬ್ಯಾಂಕು, ಆಸ್ಪತ್ರೆಯ ಪ್ರಯೋಗಾಲಯ, ಗುಂತಕಲ್ಲಿನ ರೈಲ್ವೆ ವಿಭಾಗದ ಕಚೇರಿಗಳಿಗೆ ಕರೆದೊಯ್ಯಿರಿ. ಅಲ್ಲಿ ದುಡಿಯುವವರೇ ಕನ್ನಡದಲ್ಲಿ, ತೆಲುಗಿನಲ್ಲಿ ಮಕ್ಕಳೊಂದಿಗೆ ಮಾತಾಡಲಿ. ಇದೇ ಊರಲ್ಲಿ ಓದಿ ನೆಲೆ ಕಂಡವರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬರಲಿ. ಒಲವು ಅಳೆಯುವ ಪರೀಕ್ಷೆ ಆಮೇಲೆ ನಡೆಯಲಿ. ಮಕ್ಕಳು ಆಗ ಕಂಡದ್ದರಲ್ಲಿ ಆರಿಸಿ ಹೇಳುತ್ತಾರೆ.