ಪೀಠದಿಂದ ಇಳಿಸುವ ನಿರ್ಣಯ: ಕರ್ನಾಟಕದ ಮೂರು ಪ್ರಸಂಗಗಳು

ಸಭಾಧ್ಯಕ್ಷ ಅಥವಾ ಸಭಾಪತಿಯನ್ನು ಪೀಠದಿಂದ ಇಳಿಸುವ ನಿರ್ಣಯವನ್ನು ಪತ್ರಿಕೆಗಳು ‘ಅವಿಶ್ವಾಸ ನಿರ್ಣಯ’ ಎಂದೇ ಬರೆಯುತ್ತವೆ. ಸಂವಿಧಾನದಲ್ಲಿ ಇದಕ್ಕೆ ಆ ಹೆಸರಿಲ್ಲ. ವಿಧಾನಸಭೆಗೆ ಸಂಬಂಧಿಸಿದ 179ನೇ ವಿಧಿಯೂ ಪರಿಷತ್ತಿಗೆ ಸಂಬಂಧಿಸಿದ 183ನೇ ವಿಧಿಯೂ ಹೇಳುವುದು ಪದಚ್ಯುತಿಯನ್ನು. ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ಮಂತ್ರಿಮಂಡಲ ಬೀಳಲು ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. ಪೀಠಸ್ಥರನ್ನು ಇಳಿಸಲು ಸದನದ ಅಂದಿನ ಎಲ್ಲ ಸದಸ್ಯರ ಬಹುಮತ ಬೇಕು, 14 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. ಲೋಕಸಭೆಗೂ 94ನೇ ವಿಧಿಯಲ್ಲಿ ಇದೇ ಕಟ್ಟಳೆ. ಅಲ್ಲಿ 1954ರಲ್ಲಿ ಮಾವಳಂಕರ್, 1966ರಲ್ಲಿ ಹುಕಂ ಸಿಂಗ್, 1987ರಲ್ಲಿ ಬಲರಾಮ್ ಜಾಖಡ್ ವಿರುದ್ಧ ಬಂದ ನಿರ್ಣಯಗಳು ಫಲಿಸಲಿಲ್ಲ.

ಬಹುಮತದ ಈ ಲೆಕ್ಕ ಎಷ್ಟು ಬಿಗಿಯೆಂಬುದು 2017ರ ಜೂನ್ 15ರಂದು ವಿಧಾನ ಪರಿಷತ್ತಿನಲ್ಲಿ ಕಂಡಿತು. ಸಭಾಪತಿ ಡಿ.ಎಚ್. ಶಂಕರಮೂರ್ತಿ ವಿರುದ್ಧ ಕಾಂಗ್ರೆಸ್ ತಂದ ನಿರ್ಣಯದ ಪರ 36, ವಿರುದ್ಧ 37 ಮತ ಬಿದ್ದವು. ಒಂದೇ ಮತದಿಂದ ಉಳಿದರು ಎಂದು ಆಗ ಹೇಳಲಾಯಿತು. ಅದು ಅಷ್ಟು ಸರಿಯಲ್ಲ. 75 ಸ್ಥಾನಗಳ ಸದನದಲ್ಲಿ ಒಂದು ಖಾಲಿಯಿದ್ದರೂ ಬೇಕಾಗುವುದು 38. ವಿರೋಧಿಸುವವರು ಗೆಲ್ಲಬೇಕಾಗಿಯೇ ಇರುವುದಿಲ್ಲ. ನಿರ್ಣಯ ತಂದವರಿಗೆ 38 ದಕ್ಕದಿದ್ದರೆ ಸಾಕು.

ಇನ್ನು 14 ದಿನಗಳ ಗಡುವು. ಪೀಠಸ್ಥರಿಗೆ ಉತ್ತರಿಸಲು ಸಮಯ ಸಿಗಲಿ ಎಂದು ಇಟ್ಟ ಈ ಅವಧಿ, ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯಿಂದ ಶಾಸಕರ ಅನರ್ಹತೆಯ ತೀರ್ಮಾನ ಸಭಾಧ್ಯಕ್ಷರ ಕೈಗೆ ಬಂದ ಮೇಲೆ ಬೇರೆಯೇ ತೂಕ ಪಡೆಯಿತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಬಿತ್ತು. 25ರಂದು ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಗೋಕಾಕದ ರಮೇಶ ಜಾರಕಿಹೊಳಿ ಸೇರಿ ಮೂವರನ್ನೂ, 28ರಂದು ಮತ್ತೆ 14 ಶಾಸಕರನ್ನೂ ಅನರ್ಹಗೊಳಿಸಿದರು. ಹೊಸ ಸರ್ಕಾರ 26ಕ್ಕೇ ಬಂದಿತ್ತು. ಅಂದೇ ನೋಟಿಸ್ ಕೊಟ್ಟರೂ ನಿರ್ಣಯ ಸದನಕ್ಕೆ ಬರುವುದು ಆಗಸ್ಟ್‌ನಲ್ಲಿ. 29ರಂದು ಯಡಿಯೂರಪ್ಪ ವಿಶ್ವಾಸಮತ ಗೆದ್ದ ದಿನವೇ ರಮೇಶ್ ಕುಮಾರ್ ರಾಜೀನಾಮೆ ಕೊಟ್ಟರು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಎತ್ತಿಹಿಡಿದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಗೋಕಾಕದ ಮತದಾರರು ಜಾರಕಿಹೊಳಿಯವರನ್ನೇ ಮತ್ತೆ ಆರಿಸಿದರು.

ಗಡುವಿಗೆ ಇನ್ನೊಂದು ಮಗ್ಗುಲೂ ಇದೆ. ಪದಚ್ಯುತಿ ನೋಟಿಸ್ ಬಾಕಿಯಿರುವಾಗ ಸಭಾಧ್ಯಕ್ಷರು ಅನರ್ಹತೆಯ ಅರ್ಜಿಗಳನ್ನು ತೀರ್ಮಾನಿಸಬಾರದೆಂದು ಸುಪ್ರೀಂ ಕೋರ್ಟ್ 2016ರ ನಬಂ ರೆಬಿಯಾ ಪ್ರಕರಣದಲ್ಲಿ ಹೇಳಿತ್ತು. ಹಾಗಾದರೆ ಪಕ್ಷ ಬಿಡುವವರು ಮೊದಲು ಒಂದು ನೋಟಿಸ್ ಎಸೆದರೆ ಸಭಾಧ್ಯಕ್ಷರ ಕೈ ಕಟ್ಟಿದಂತೆ. ಈ ತೊಡಕಿನಿಂದಾಗಿ 2023ರ ಮೇ 11ರಂದು ಪ್ರಶ್ನೆ ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು.

ನಿರ್ಣಯದ ವೇಳೆ ಪೀಠದಲ್ಲಿ ಕೂರುವವರು ಯಾರು ಎಂಬುದು ಮತ್ತೊಂದು ತೊಡಕು. ಪರಿಷತ್ತಿಗೆ ಸಂಬಂಧಿಸಿದ 185ನೇ ವಿಧಿಯ ಪ್ರಕಾರ ನಿರ್ಣಯ ‘ಪರಿಶೀಲನೆಯಲ್ಲಿರುವಾಗ’ ಸಭಾಪತಿ ಅಧ್ಯಕ್ಷತೆ ವಹಿಸುವಂತಿಲ್ಲ. ಮಾತಾಡಬಹುದು, ಮೊದಲ ಸುತ್ತಿನಲ್ಲಿ ಮತ ಹಾಕಬಹುದು, ಸಮ ಬಂದಾಗಿನ ನಿರ್ಣಾಯಕ ಮತವಿಲ್ಲ. ನೋಟಿಸ್ ಕ್ರಮಬದ್ಧವೇ ಎಂಬುದೇ ವಿವಾದವಾದರೆ ಪರಿಶೀಲನೆ ಶುರುವಾಗುವುದು ಯಾವಾಗ? 2020ರ ಡಿಸೆಂಬರ್ 15ರಂದು ಕೆ. ಪ್ರತಾಪಚಂದ್ರ ಶೆಟ್ಟಿ ಸಭಾಪತಿಯಾಗಿದ್ದಾಗ, ಅವರ ವಿರುದ್ಧದ ನೋಟಿಸ್ ವಿಷಯದಲ್ಲಿ ಪರಿಷತ್ತು ಎಡವಿದ್ದು ಇಲ್ಲೇ. ಉಪ ಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿ ಕುಳಿತರು, ಕಾಂಗ್ರೆಸ್ ಸದಸ್ಯರು ಅವರನ್ನು ಎಳೆದು ಇಳಿಸಿದರು. ವಿಧಿಯ ಅರ್ಥ ಮಾತ್ರ ಇತ್ಯರ್ಥವಾಗಲಿಲ್ಲ. 2021ರ ಫೆಬ್ರುವರಿ 4ರಂದು ಶೆಟ್ಟರು ತಾವಾಗಿ ರಾಜೀನಾಮೆ ಕೊಟ್ಟರು. 9ರಂದು ಬಸವರಾಜ ಹೊರಟ್ಟಿ ಸಭಾಪತಿಯಾದರು.