ಸಂಘ ಕಟ್ಟುವ ಹಕ್ಕು, ಮುಷ್ಕರ ಹೂಡುವ ಹಕ್ಕು

ಐವತ್ತು ವರ್ಷಗಳಿಂದ ನಮ್ಮ ಶಾಲೆಯಲ್ಲಿ ಪಾಠ ಹೇಳಿದವರೂ ಗಂಟೆ ಬಾರಿಸಿದವರೂ ಸರ್ಕಾರಿ ನೌಕರರೇ. ಅವರು ಕೆಲಸ ನಿಲ್ಲಿಸಿದರೆ ಮಕ್ಕಳಿಗೆ ನಷ್ಟ. ಅವರ ಅಹವಾಲು ಕೇಳುವವರಿಲ್ಲದಿದ್ದರೆ ಅವರಿಗೆ ಅನ್ಯಾಯ. ಈ ಇಕ್ಕಟ್ಟು ಎಷ್ಟು ದೊಡ್ಡದೆಂಬುದನ್ನು ನೆರೆಯ ತಮಿಳುನಾಡು 2003ರಲ್ಲಿ ಕಂಡಿತು.

ಪಿಂಚಣಿ ಮೊದಲಾದ ಸೌಲಭ್ಯಗಳ ಕಡಿತವನ್ನು ವಿರೋಧಿಸಿ ಅಲ್ಲಿನ ನೌಕರರು ಮತ್ತು ಶಿಕ್ಷಕರು ಆ ವರ್ಷದ ಜುಲೈನಲ್ಲಿ ಮುಷ್ಕರ ಹೂಡಿದರು. ಬೊಕ್ಕಸ ಬರಿದಾಗಿದೆ ಎಂಬುದು ಜಯಲಲಿತಾ ಸರ್ಕಾರದ ವಾದ. ಅಗತ್ಯ ಸೇವೆಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ವಿಚಾರಣೆಯಿಲ್ಲದೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಲಾಯಿತು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಆದರೆ ಆ ಹಕ್ಕಿನಲ್ಲಿ ಮುಷ್ಕರದ ಹಕ್ಕಾಗಲಿ, ಪರಿಣಾಮಕಾರಿ ಸಾಮೂಹಿಕ ಚೌಕಾಶಿಯ ಹಕ್ಕಾಗಲಿ ಅಡಗಿಲ್ಲವೆಂದು ಕೋರ್ಟು 1961ರಲ್ಲೇ ಹೇಳಿತ್ತು. 2003ರ ಆಗಸ್ಟ್ 6ರಂದು ಇನ್ನೂ ಮುಂದೆ ಹೋಗಿ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ನೈತಿಕ ಹಕ್ಕೂ ಇಲ್ಲವೆಂದಿತು. ಬಹುಪಾಲು ನೌಕರರು ಕ್ಷಮೆ ಕೋರಿ, ಇನ್ನು ಮುಷ್ಕರ ಮಾಡುವುದಿಲ್ಲವೆಂದು ಬರೆದುಕೊಟ್ಟು ಕೆಲಸಕ್ಕೆ ಮರಳಿದರು.

2004ರ ಲೋಕಸಭಾ ಚುನಾವಣೆಯಲ್ಲಿ ಆಡಳಿತ ಪಕ್ಷ ರಾಜ್ಯದ 39 ಸ್ಥಾನಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಸೋಲಿಗೆ ಕಾರಣಗಳು ಹಲವು. ಆದರೆ ಫಲಿತಾಂಶದ ಬೆನ್ನಿಗೇ ಸರ್ಕಾರ ನೌಕರರ ಮೇಲಿನ ಶಿಸ್ತುಕ್ರಮಗಳನ್ನು ಹಿಂತೆಗೆದುಕೊಂಡಿತು.

ಕೋರ್ಟಿನಲ್ಲಿ ಗೆದ್ದ ಸರ್ಕಾರ ಜನರ ಮುಂದೆ ಮೆತ್ತಗಾಯಿತು. ಬೀದಿಗಿಳಿದ ನೌಕರರು ತಪ್ಪೊಪ್ಪಿಗೆ ಬರೆದರು. ಮುಷ್ಕರ ಬೇಡವೆನ್ನುವ ಸರ್ಕಾರ ನೌಕರರೊಡನೆ ಮಾತಿಗೆ ಕೂರಲೇಬೇಕೆಂಬ ಕಟ್ಟುಪಾಡೂ ಇದ್ದಿದ್ದರೆ ಎರಡು ಕಡೆಯವರ ಮಾನವೂ ಉಳಿಯುತ್ತಿತ್ತು, ಮಕ್ಕಳ ಪಾಠವೂ ನಡೆಯುತ್ತಿತ್ತು.